ಓದುಗರ ಗ್ಯಾರೇಜು: ತುಕ್ಕು ಹಿಡಿದ ಸಸ್ಪೆನ್ಶನ್ನು, ಮನೆ ಅಂಗಳದ ರಿಪೇರಿ

ಮಳೆಗಾಲ ಮುಗೀತಿದ್ದಂಗೆ ನಮಗೆ ಬರೋ ಪತ್ರಗಳ ಬಣ್ಣಾನೇ ಬದಲಾಗತ್ತೆ, ಎಲ್ಲಾ ಕೆಂಪು ಕೆಂಪು ಫೋಟೋಗಳು. ಚಕ್ರವನ್ನ ಗಾಡಿಗೆ ಹಿಡಿದಿಟ್ಟು ಕುಲುಕು ತಡೆಯೋ ಸಸ್ಪೆನ್ಶನ್ ಪಾರ್ಟುಗಳು: ಲೋವರ್ ಆರ್ಮ್ (ಚಕ್ರವನ್ನ ಕೆಳಗಿಂದ ಹಿಡಿಯೋ ಕೈ), ಸ್ಪ್ರಿಂಗು, ಆಕ್ಸಲ್ಲು, ಜೀಪಿನ ಸ್ಪ್ರಿಂಗ್ ಪ್ಲೇಟು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ). ಈ ಸಲ ತುಕ್ಕಿನ ಪ್ರಶ್ನೆಗಳನ್ನಷ್ಟೇ ತಗೊಂಡಿದೀನಿ, ಮೈಲೇಜ್ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆ ತನಕ ಕಾಯ್ರಿ.

ಪ್ರಶ್ನೆ: ಸಾರ್, ನಮ್ಮ ಮನೆಯಿಂದ ಸಮುದ್ರಕ್ಕೆ ಐದೇ ನಿಮಿಷ. ಅಪ್ಪನ 2007ರ ಮಾರುತಿ 800 ಇದೆ, ಓಡಿದ್ದು ಕಮ್ಮಿ, ನಿಂತಿದ್ದೇ ಜಾಸ್ತಿ. ಮೊನ್ನೆ ಚಕ್ರ ಬಿಚ್ಚಿದ ಮೆಕ್ಯಾನಿಕ್ಕು "ಕೆಳಗೆ ಎಲ್ಲಾ ಹೋಗಿದೆ, ಫುಲ್ ಸೆಟ್ ಹಾಕ್ಬೇಕು" ಅಂದ್ರು, ಅವರು ಹೇಳಿದ ರೇಟಿಗೆ ಇನ್ನೊಂದು ಹಳೇ ಕಾರೇ ಬರತ್ತೆ ಮಾರಾಯ್ರೆ. ಭಾನುವಾರಗಳಲ್ಲಿ ನಾನೇ ಮಾಡ್ಕೊಳ್ಳಬಹುದಾ? — ಕುಂದಾಪುರ

ಮಾಡ್ಬಹುದು. ಆದ್ರೆ ತುಕ್ಕು ತೆಗೆಯೋದು ಇದರಲ್ಲಿ ಸುಲಭದ ಕೆಲಸ, ಯಾವುದನ್ನ ಉಳಿಸ್ಬೇಕು ಯಾವುದನ್ನ ಗುಜರಿಗೆ ಹಾಕ್ಬೇಕು ಅಂತ ನೋಡೋದೇ ಕಷ್ಟದ್ದು. ಮೆಕ್ಯಾನಿಕ್ಕು ಸುಳ್ಳು ಹೇಳಿದ್ರು ಅಂತಲ್ಲ, ಅವರಿಗೆ ಒಂದೊಂದೇ ಪಾರ್ಟ್ ಕೂತು ಉಜ್ಜೋಕೆ ಟೈಮಿಲ್ಲ, ಉಜ್ಜಿದ ಕೂಲಿ ನೀವು ಕೊಡಲ್ಲ, ಹಾಗಾಗಿ ಫುಲ್ ಸೆಟ್ ಅಂತಾರೆ.

ಮೊದಲು ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ಇಟ್ಕೊಂಡು ಕೂತ್ಕೊಳ್ಳಿ. ಲೋವರ್ ಆರ್ಮ್ ಮೇಲೆ ತಟ್ಟುತ್ತಾ ಹೋಗಿ, ಮೊದಮೊದಲು ಹಪ್ಪಳದ ಹಾಗೆ ಪದರ ಪದರ ಉದುರತ್ತೆ, ಅದನ್ನ ನೋಡಿ ಎದೆ ಒಡ್ಕೋಬೇಡಿ, ಯಾಕಂದ್ರೆ ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬತ್ತೆ, ಮೂರು ಮಿಲಿಮೀಟರ್ ದಪ್ಪದ ಹಪ್ಪಳ ಎದ್ದಿದೆ ಅಂದ್ರೆ ಮೂರು ಮಿಲಿಮೀಟರ್ ಲೋಹ ಹೋಗಿದೆ ಅಂತಲ್ಲ. ಉದುರಿದ ಮೇಲೆ ಮತ್ತೆ ತಟ್ಟಿ. "ಟಣ್" ಅಂದ್ರೆ ಜೀವ ಇದೆ. "ಡಬ್" ಅಂತ ಮಂಕಾಗಿ ಕೇಳಿದ ಕಡೆ ಸ್ಕ್ರೂಡ್ರೈವರ್ ಮೊನೆ ಇಟ್ಟು ಒತ್ತಿ. ಒಳಗೆ ಹೋಯ್ತಾ, ಆ ಪಾರ್ಟಿನ ಕಥೆ ಅಲ್ಲಿಗೆ ಮುಗೀತು, ವೆಲ್ಡಿಂಗ್ ಹೊಡ್ಸಿ ತೇಪೆ ಹಾಕ್ಸೋಣ ಅಂತ ಯೋಚನೇನೂ ಮಾಡ್ಬೇಡಿ, ಚಕ್ರವನ್ನ ಹಿಡ್ಕೊಂಡಿರೋ ಪಾರ್ಟ್ ಅದು, ತೇಪೆ ಬಿಡೋದು ತೊಂಬತ್ತರ ಸ್ಪೀಡಲ್ಲಿ ಹೈವೇ ಮೇಲೇನೇ. ನೋಡ್ಬೇಕಾದ ಜಾಗ ಅಂದ್ರೆ ಎರಡು ಶೀಟ್ ಸೇರೋ ಅಂಚು, ಬುಷ್ (ಬೋಲ್ಟಿನ ಸುತ್ತ ಕೂರೋ ರಬ್ಬರ್ ತುಂಡು) ಕೂರೋ ತೂತಿನ ಸುತ್ತ, ಸ್ಪ್ರಿಂಗ್ ಕೂರೋ ತಟ್ಟೆ. ತಟ್ಟೇಲಿ ಮಣ್ಣು ಕೂತು ಉಪ್ಪುನೀರು ಹಿಡ್ಕೊಂಡಿರತ್ತೆ, ಹೊರಗಿಂದ ಏನೂ ಕಾಣಲ್ಲ.

ಉಳಿಸ್ಕೊಳ್ಳಬಹುದಾದ್ದು: ಗಟ್ಟಿ ಇರೋ ಲೋವರ್ ಆರ್ಮು, ಹಿಂದಿನ ಆಕ್ಸಲ್ಲು, ಆಕ್ಸಲ್ ಹಿಡಿಯೋ ಆರ್ಮುಗಳು, ಬ್ರಾಕೆಟ್ಟುಗಳು. ದುಡ್ಡು ಉಳಿಯೋದು ಇಲ್ಲೇ. ಉಳಿಸೋಕೆ ಹೋಗ್ಬಾರದ್ದು: ರಬ್ಬರ್ ಬೂಟ್ ಹರಿದಿರೋ ಬಾಲ್ ಜಾಯಿಂಟು (ಆರ್ಮಿನ ತುದಿಯ ಗುಂಡಿನ ಕೀಲು), ಒಡೆದ ಬುಷ್ಷು, ನಡು ತೆಳ್ಳಗಾಗಿರೋ ಬೋಲ್ಟು, ತುಕ್ಕು ಹಿಡಿದ ಬ್ರೇಕ್ ಪೈಪು, ಆಮೇಲೆ ಶಾಕ್ ಅಬ್ಸಾರ್ಬರಿನ ಹೊಳೆಯೋ ರಾಡು. ಆ ರಾಡ್ ಮೇಲೆ ಸಾಸಿವೆ ಕಾಳಷ್ಟು ತುಕ್ಕಿನ ಚುಕ್ಕೆ ಇದ್ರೂ ಎಮರಿ ಪೇಪರ್ ಹಾಕಿ ಉಜ್ಜಬೇಡಿ, ಕ್ರೋಮ್ ಪದರ ಹೋಗಿ ಆಗ್ಲೇ ಗುಂಡಿ ಬಿದ್ದಿರತ್ತೆ, ಪ್ರತಿ ಹಳ್ಳಕ್ಕೂ ಅದು ಸೀಲನ್ನ ಗರಗಸದ ಹಾಗೆ ಕೊಯ್ಯತ್ತೆ, ತಿಂಗಳೊಳಗೆ ಎಣ್ಣೆ ಎಲ್ಲಾ ಹೊರಗೆ.

ಬಿಚ್ಚೋ ವಿಷಯ. ಹಿಂದಿನ ದಿನ ಸಂಜೇನೇ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ಬೆಳಿಗ್ಗೆ ಇನ್ನೊಂದು ಸಲ ಹೊಡೀರಿ. ಮೊದಲು ಸ್ವಲ್ಪ ಟೈಟ್ ಮಾಡೋ ಕಡೆಗೆ ತಿರುಗಿಸಿ, ಕಟಕ್ ಅಂತ ಅಲುಗಾಡಿದ ಮೇಲೆ ಲೂಸ್ ಮಾಡಿ. ಕಾರು ಬರೀ ಜಾಕ್ ಮೇಲೆ ನಿಂತಿದ್ರೆ ಅದರಡಿ ತಲೆ ಹಾಕ್ಬೇಡಿ, ಜಾಕ್ ಸ್ಟ್ಯಾಂಡ್ ಬೇಕೇಬೇಕು, ಕೆಂಪುಕಲ್ಲು ಜೋಡಿಸಿಟ್ಟು ಕೆಲಸ ಮಾಡೋರನ್ನ ನಮ್ಮ ಕಡೆ ನೋಡಿದೀನಿ, ಕಲ್ಲು ಹೇಳದೆ ಕೇಳದೆ ಪುಡಿಯಾಗತ್ತೆ. ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಟ್ಟಿಗೆ ಕೂತಿರೋ ಜೋಡಣೆ) ಸ್ಪ್ರಿಂಗನ್ನ ಮಾತ್ರ ಮನೇಲಿ ಬಿಚ್ಚಲೇಬೇಡಿ. ಸ್ಟ್ರಟ್ ಪೂರ್ತಿ ಬಿಚ್ಕೊಂಡು ಗ್ಯಾರೇಜಿಗೆ ಹೋಗಿ, ಅವರ ಹತ್ರ ಸ್ಪ್ರಿಂಗನ್ನ ಒತ್ತಿಹಿಡಿಯೋ ಸ್ಪ್ರಿಂಗ್ ಕಂಪ್ರೆಸರ್ ಇರತ್ತೆ, ಆ ಒಂದು ಕೆಲಸಕ್ಕೆ ಕಾಸು ಕೊಟ್ಟು ಬನ್ನಿ.

ವಾಪಸ್ ಜೋಡಿಸುವಾಗ ಎಷ್ಟೋ ಜನ ಮಾಡೋ ತಪ್ಪು ಒಂದಿದೆ. ಹೊಸ ಬುಷ್ ಹಾಕಿ, ಚಕ್ರ ಗಾಳೀಲಿ ನೇತಾಡ್ತಿರುವಾಗಲೇ ಬುಷ್ಷಿನ ಬೋಲ್ಟ್ ಫುಲ್ ಟೈಟ್ ಮಾಡ್ಬಿಡ್ತಾರೆ. ಕಾರು ಕೆಳಗಿಳಿದ ಕೂಡ್ಲೆ ಆರ್ಮ್ ಮೇಲೇರತ್ತೆ, ಒಳಗಿನ ರಬ್ಬರ್ ತಿರುಚಿಕೊಂಡೇ ನಿಲ್ಲತ್ತೆ, ಹೊಸ ಬುಷ್ಷು ಬೇಗ ಹರೀತದೆ, ಆಮೇಲೆ ಅಂಗಡಿಯವರಿಗೆ ಡೂಪ್ಲಿಕೇಟ್ ಕೊಟ್ರಿ ಅಂತ ಬೈಗುಳ. ಬೋಲ್ಟ್ ಕೈಯಲ್ಲಿ ಸಿಗಿಸಿ ಬಿಡಿ, ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತ ಮೇಲೆ ಕೊನೇ ಟೈಟ್ ಕೊಡಿ. ಸ್ಪ್ಲಿಟ್ ಪಿನ್ನು (ನಟ್ ಕಳಚದ ಹಾಗೆ ಬಗ್ಗಿಸಿ ಹಾಕೋ ಪಿನ್ನು) ಹಳೇದನ್ನೇ ಮತ್ತೆ ಬಗ್ಗಿಸಬೇಡಿ, ಹೊಸದು ಹಾಕಿ. ಎಲ್ಲಾ ಆದ್ಮೇಲೆ ವೀಲ್ ಅಲೈನ್‌ಮೆಂಟ್ ಮಾಡ್ಸಿ.

ಪ್ರಶ್ನೆ: ವಿನೆಗರ್, ಕೋಲಾ, ನಿಂಬೆ ಉಪ್ಪು, ಹುಣಸೆಹುಳಿ, ಟಾಯ್ಲೆಟ್ ತೊಳೆಯೋ ಆಸಿಡ್ಡು, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಖರ್ಚು ಕಮ್ಮಿ ಆಗಿ ತುಕ್ಕು ಬಿಡೋದು ಯಾವುದ್ರಲ್ಲಿ ಸರ? — ರಾಣೆಬೆನ್ನೂರು

ನಿಂಬೆ ಉಪ್ಪು. ಅದೇ ಸಿಟ್ರಿಕ್ ಆಸಿಡ್ಡು, ದಿನಸಿ ಅಂಗಡೀಲಿ ಸಕ್ಕರೆ ಹರಳಿನ ಹಾಗೆ ಸಿಗತ್ತಲ್ಲ ಅದು. ಹುಣಸೆಹುಳೀನೂ ಆಸಿಡ್ಡೇ, ಹಿತ್ತಾಳೆ ದೀಪ ಬೆಳಗಿದ್ದು ಅದರಲ್ಲೇ, ಆದ್ರೆ ಲೋವರ್ ಆರ್ಮ್ ಮುಳುಗಿಸೋಷ್ಟು ಹುಳಿ ಕಿವುಚೋಕೆ ಕೂತ್ರೆ ಮನೆಯವರು ನಿಮ್ಮನ್ನೇ ಕಿವುಚ್ತಾರೆ. ಕೋಲಾದಲ್ಲಿ ಸ್ವಲ್ಪ ಫಾಸ್ಫಾರಿಕ್ ಆಸಿಡ್ ಇರೋದು ನಿಜ, ಅದರ ಜೊತೆ ಸಕ್ಕರೆಗೂ ದುಡ್ಡು ಕೊಡ್ತೀರಿ. ವಿನೆಗರ್ ಕೆಲಸ ಮಾಡತ್ತೆ, ನಿಧಾನ.

ಲೆಕ್ಕ ಹೀಗೆ: ಹತ್ತು ಲೀಟರ್ ಬಿಸಿನೀರಿಗೆ ಅರ್ಧ ಕೆಜಿ ನಿಂಬೆ ಉಪ್ಪು. ಪ್ಲಾಸ್ಟಿಕ್ ಬಕೆಟ್ ಅಥವಾ ಪ್ಲಾಸ್ಟಿಕ್ಕಿನ ಖಾಲಿ ಪೇಂಟ್ ಡಬ್ಬ ಆಗತ್ತೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಪಾರ್ಟ್ ಹಾಕೋ ಮುಂಚೆ ಸೀಮೆಎಣ್ಣೆ ಅಥವಾ ಡೀಸೆಲ್ಲಲ್ಲಿ ಗ್ರೀಸು ತೆಗೆದು, ಸೋಪಿನ ಪುಡೀಲಿ ತೊಳೀಬೇಕು, ಯಾಕಂದ್ರೆ ಗ್ರೀಸ್ ಇರೋ ಕಡೆ ಆಸಿಡ್ ಮುಟ್ಟೋದೇ ಇಲ್ಲ, ಆಮೇಲೆ ಚಿರತೆ ಚುಕ್ಕೆ ಥರ ಕಾಣತ್ತೆ. ಹಪ್ಪಳ ಏಳೋ ತುಕ್ಕನ್ನ ಸುತ್ತಿಗೆ, ವೈರ್ ಬ್ರಷ್ಷಲ್ಲೇ ಮೊದಲು ಉದುರಿಸಿ, ದಪ್ಪ ತುಕ್ಕಿಗೆ ನಿಂಬೆ ಉಪ್ಪು ದಂಡ ಮಾಡ್ಬೇಡಿ. ಬುಷ್ಷು ಮೊದಲೇ ತೆಗೆಸಿರ್ಬೇಕು, ಲೇತ್ ಅಂಗಡೀಲಿ ಪ್ರೆಸ್ಸಲ್ಲಿ ಐದು ನಿಮಿಷದ ಕೆಲಸ. ಬಾಲ್ ಜಾಯಿಂಟು ಆರ್ಮಿನ ಜೊತೆಗೇ ಕೂತಿದ್ದು, ಅದು ಚೆನ್ನಾಗಿಯೂ ಇದ್ರೆ ಆ ಆರ್ಮನ್ನ ಮುಳುಗಿಸೋ ಹಾಗೇ ಇಲ್ಲ, ಆಸಿಡ್ ಒಳಗೆ ಹೋಗಿ ಜಾಯಿಂಟ್ ಕೆಡತ್ತೆ, ಬೂಟಿಗೆ ಪ್ಲಾಸ್ಟಿಕ್ ಸುತ್ತಿ ಬ್ರಷ್ಷಲ್ಲೇ ಉಜ್ಜಬೇಕು.

ರಾತ್ರಿ ಮುಳುಗಿಸಿದ್ರೆ ಸಣ್ಣಸಣ್ಣ ಗುಳ್ಳೆ ಏಳ್ತಾ ಇರತ್ತೆ, ಬೆಳಿಗ್ಗೆ ತೆಗೆದ್ರೆ ಕಪ್ಪು ಮಸಿ ಬಳಿದ ಹಾಗಿರತ್ತೆ, ಪಾತ್ರೆ ಉಜ್ಜೋ ಸ್ಟೀಲ್ ಜುಂಗಿನಲ್ಲಿ ತಿಕ್ಕಿದ್ರೆ ಕೆಳಗಿಂದ ಬೂದಿ ಬಣ್ಣದ ಬರೀ ಕಬ್ಬಿಣ ಕಾಣತ್ತೆ. ಇನ್ನೂ ಒಂದಿನ ಇರ್ಲಿ ಅಂತ ಮರೆತುಬಿಟ್ರೆ ಒಳ್ಳೇ ಕಬ್ಬಿಣವನ್ನೂ ತಿನ್ನೋಕೆ ಶುರು ಮಾಡತ್ತೆ. ತೆಗೆದ ಕೂಡ್ಲೆ ಒಂದು ಹಿಡಿ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ, ಮತ್ತೆ ಒಳ್ಳೇ ನೀರಲ್ಲಿ ತೊಳೆದು, ಬಟ್ಟೇಲಿ ಒರೆಸಿ, ಹೇರ್ ಡ್ರೈಯರ್ ಇದ್ರೆ ಅದರಲ್ಲಿ, ಇಲ್ಲಾಂದ್ರೆ ಬಿಸಿಲಲ್ಲಿ ಒಣಗಿಸಿ, ತಕ್ಷಣ ಪ್ರೈಮರ್ ಹೊಡೀಬೇಕು. ನಿಮ್ಮ ರಾಣೆಬೆನ್ನೂರಿನ ಒಣಹವೆಗೆ ಒಂದೆರಡು ಗಂಟೆ ತಡೆಯತ್ತೆ, ಕರಾವಳಿಯವರು ಕಾಫಿ ಕುಡಿದು ಬರೋಷ್ಟರಲ್ಲಿ ಕಿತ್ತಳೆ ಬಣ್ಣ ತಿರುಗಿರತ್ತೆ.

ಟಾಯ್ಲೆಟ್ ಆಸಿಡ್ ಬಗ್ಗೆ ನನ್ನದೇ ಪುರಾಣ ಹೇಳ್ಬೇಕು. ಕೆಲವು ವರ್ಷದ ಹಿಂದೆ ಎರಡು ಬ್ರಾಕೆಟ್ಟನ್ನ ಒಂದು ಟಬ್ಬಲ್ಲಿ ಆ ಆಸಿಡ್ ಹಾಕಿ ಶೆಡ್ಡಲ್ಲಿಟ್ಟು ಬಾಗಿಲು ಹಾಕಿ ಮಲಗಿದೆ. ಬೆಳಿಗ್ಗೆ ಬ್ರಾಕೆಟ್ಟೇನೋ ಕ್ಲೀನಾಗಿತ್ತು, ಆದ್ರೆ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರು, ಕಟಿಂಗ್ ಪ್ಲೇಯರು, ಹೊಲಿಗೆ ಮಷೀನಿನ ಚಕ್ರ, ಬೀಗದ ಕೈ, ಎಲ್ಲಾ ಕೆಂಪಗೆ! ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ ರಾತ್ರಿಯಿಡೀ ಶೆಡ್ಡು ಸುತ್ತಿ ಕಂಡ ಕಬ್ಬಿಣಕ್ಕೆಲ್ಲ ತುಕ್ಕು ಹಂಚಿತ್ತು. ಹೊಲಿಗೆ ಮಷೀನ್ ಅಮ್ಮಂದು, ಇವತ್ತಿಗೂ ಅದನ್ನ ಎತ್ತಿ ಆಡ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಸ್ಪ್ರಿಂಗಿಗೆ. ಗಡಸು ಉಕ್ಕನ್ನ ಆಸಿಡ್ಡಲ್ಲಿ ಮುಳುಗಿಸಿದ್ರೆ ಹೈಡ್ರೋಜನ್ ಒಳಗೆ ಸೇರ್ಕೊಂಡು ಉಕ್ಕು ಪೆಡಸಾಗತ್ತೆ, ನೋಡೋಕೆ ಥಳಥಳ, ಒಂದು ದಿನ ಹಂಪ್ ಇಳಿಸುವಾಗ ಟಪಕ್. ಸ್ಪ್ರಿಂಗು, ಟಾರ್ಷನ್ ಬಾರು (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡೋ ಸರಳು), ತಲೆ ಮೇಲೆ 10.9 ಅಥವಾ 12.9 ಅಂತ ಕೊರೆದಿರೋ ಗಡಸು ಬೋಲ್ಟು, ಇವನ್ನ ಯಾವ ಆಸಿಡ್ಡಿಗೂ ಹಾಕೋದು ಬೇಡ, ನಿಂಬೆ ಉಪ್ಪಿಗೂ ಬೇಡ. ಕೈ ಬ್ರಷ್ಷು, ಎಮರಿ, ಅಷ್ಟೇ.

ಕಾಯಿಲ್ ಸ್ಪ್ರಿಂಗ್ ಉಜ್ಜುವಾಗ ಕೊನೇ ಸುತ್ತನ್ನ ಬೆರಳಲ್ಲಿ ಸವರಿ ನೋಡಿ. ತಟ್ಟೆ ಮೇಲೆ ಕೂರೋ ಜಾಗದಲ್ಲಿ ಮರಳು ಸಿಕ್ಕಿ ಪೇಂಟ್ ಸವೆದು, ತುಕ್ಕು ಗುಂಡಿ ತೋಡೋದು ಅಲ್ಲೇ, ಸ್ಪ್ರಿಂಗ್ ಮುರಿಯೋದೂ ಸಾಮಾನ್ಯವಾಗಿ ಅಲ್ಲೇ. ಉಗುರು ಸಿಕ್ಕಿಹಾಕ್ಕೊಳ್ಳೋ ಗುಂಡಿ ಇದ್ರೆ ಆ ಸ್ಪ್ರಿಂಗ್ ಬಿಡಿ, ಹಾಕುವಾಗ ಎರಡೂ ಕಡೆದು ಜೋಡಿಯಾಗಿ ಹಾಕಿ.

ಪ್ರಶ್ನೆ: ಕರೆಂಟಲ್ಲಿ ತುಕ್ಕು ತೆಗೆಯೋದು ನಿಜಾನಾ ಅಥ್ವಾ ಬರೀ ರೀಲ್ಸಿಗಾ? ನಾನು ಡಿಪ್ಲೊಮಾ ಓದ್ತಿದೀನಿ ಅಣ್ಣ, ಹಾಸ್ಟೆಲ್ಲಲ್ಲಿ ಟ್ರೈ ಮಾಡ್ಬೋದಾ? — ಮೈಸೂರು

ನಿಜ ತಮ್ಮಾ, ಒಳ್ಳೇ ಪದ್ಧತಿ, ಹಾಸ್ಟೆಲ್ ರೂಮಲ್ಲಿ ಮಾತ್ರ ಬೇಡ. ಟಬ್ಬಿಗೆ ಹತ್ತು ಲೀಟರ್ ನೀರು, ಅದಕ್ಕೆ ಮೂರ್ನಾಲ್ಕು ದೊಡ್ಡ ಚಮಚ ಬಟ್ಟೆ ಸೋಡಾ, ಅಂದ್ರೆ ವಾಷಿಂಗ್ ಸೋಡಾ, ಅಡುಗೆ ಸೋಡಾ ಅಲ್ಲ. ಹನ್ನೆರಡು ವೋಲ್ಟಿನ ಹಳೇ ಕಾಲದ ಬ್ಯಾಟರಿ ಚಾರ್ಜರ್ ಬೇಕು, ಈಗಿನ ಆಟೋಮ್ಯಾಟಿಕ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ರೆ ಆನೇ ಆಗಲ್ಲ. ಮೈನಸ್ ವೈರು ತುಕ್ಕಿನ ಪಾರ್ಟಿಗೆ, ಪ್ಲಸ್ಸು ಮನೆ ಕಟ್ಟೋ ಕಂಬಿಯ ತುಂಡುಗಳಿಗೆ. ಮೈನಸ್ಸಿಗೆ ಹಾಕಿದ್ರದ್ದು ತುಕ್ಕು ಮೈನಸ್ಸು, ಹಂಗೆ ನೆನಪಿಟ್ಕೋ. ಉಲ್ಟಾ ಕೊಟ್ಟೆ ಅಂದ್ರೆ ಪಾರ್ಟೇ ಕರಗತ್ತೆ. ಎರಡೂ ಒಂದಕ್ಕೊಂದು ತಾಗಬಾರದು. ಕಂಬಿಗೆ ಎದುರಾಗಿರೋ ಮುಖ ಬೇಗ ಕ್ಲೀನಾಗತ್ತೆ, ಹಿಂಬದಿ ಹಾಗೇ ಉಳಿಯತ್ತೆ, ಅದಕ್ಕೇ ಟಬ್ಬಿನ ಸುತ್ತ ನಾಕು ಕಂಬಿ ನಿಲ್ಸಿ ಎಲ್ಲಾ ಒಂದೇ ವೈರಲ್ಲಿ ಸೇರಿಸ್ತಾರೆ.

ಇದರ ಚಂದ ಏನಂದ್ರೆ ಎಷ್ಟು ಹೊತ್ತು ಬಿಟ್ರೂ ಒಳ್ಳೇ ಕಬ್ಬಿಣ ತಿನ್ನಲ್ಲ. ಅಪಾಯ ಏನಂದ್ರೆ ಪಾರ್ಟಿನ ಮೇಲೆ ಏಳೋ ಗುಳ್ಳೆ ಹೈಡ್ರೋಜನ್ನು, ಹತ್ತಿರ ಬೀಡಿ, ಊದಿನಕಡ್ಡಿ, ಕಿಡಿ ಏನೂ ಇರಕೂಡದು, ಬಯಲಲ್ಲೇ ಮಾಡ್ಬೇಕು, ಕ್ಲಿಪ್ ತೆಗೆಯೋ ಮುಂಚೆ ಚಾರ್ಜರ್ ಸ್ವಿಚ್ ಆಫ್ ಮಾಡ್ಬೇಕು. ಕಂಬಿ ಬದಲು ಮನೆ ಸ್ಟೀಲ್ ತಟ್ಟೆ ಲೋಟ ಹಾಕ್ಬೇಡ, ಸ್ಟೇನ್‌ಲೆಸ್ ಸ್ಟೀಲಲ್ಲಿರೋ ಕ್ರೋಮಿಯಂ ನೀರಿಗಿಳಿದು ವಿಷದ ರೂಪ ತಗೊಳ್ಳತ್ತೆ. ಕರೆಂಟ್ ಚೆನ್ನಾಗಿ ಹರೀಲಿ ಅಂತ ಅಡುಗೆ ಉಪ್ಪೂ ಹಾಕ್ಬೇಡ, ಕ್ಲೋರಿನ್ ಗ್ಯಾಸ್ ಬರತ್ತೆ. ಸ್ಪ್ರಿಂಗು ಗಡಸು ಬೋಲ್ಟು ಇದಕ್ಕೂ ಬೇಡ, ಮೇಲೆ ಹೇಳಿದ್ದೇ ಕಾರಣ.

ಪ್ರಶ್ನೆ: ನಮ್ಮದು ಹಳೇ ಜೀಪು, ತೋಟದ ರಸ್ತೆ, ಆರು ತಿಂಗಳು ಕೆಸರು. ಪ್ಲೇಟಿನ ಸಂದೀಲೆಲ್ಲ ತುಕ್ಕು, ಕುಂಯ್ ಕುಂಯ್ ಶಬ್ದ. ಸರ್ವೀಸ್ ಸ್ಟೇಷನ್ನಲ್ಲಿ ಪ್ರತಿ ಸಲ ಅಡಿಭಾಗಕ್ಕೆ ಸುಟ್ಟ ಎಂಜಿನ್ ಆಯಿಲ್ ಸ್ಪ್ರೇ ಹೊಡೀತಾರೆ, ಅಷ್ಟು ಸಾಕಲ್ಲ? ಇನ್ನೊಂದು, ಕಾಕಂಬೀಲಿ ತುಕ್ಕು ಹೋಗತ್ತೆ ಅಂತಾರೆ, ನಮ್ಮನೇಲಿ ಜೋನಿಬೆಲ್ಲ ಡಬ್ಬಗಟ್ಟಲೆ ಇದ್ದು. — ಶಿರಸಿ

ಜೋನಿಬೆಲ್ಲ ದೋಸೆಗೆ ಇಟ್ಕೊಳ್ಳಿ. ಕಾಕಂಬಿ ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಮಡ್ಡಿ, ಒಂದು ಪಾಲು ಕಾಕಂಬಿಗೆ ಎಂಟೊಂಬತ್ತು ಪಾಲು ನೀರು ಹಾಕಿ ಒಂದೆರಡು ವಾರ ಮುಳುಗಿಸಿದ್ರೆ ತುಕ್ಕು ನಿಜಕ್ಕೂ ಬಿಡತ್ತೆ, ಜೊತೆಗೆ ಹುಳಿಬಂದ ನಾತಕ್ಕೆ ಅಕ್ಕಪಕ್ಕದವರೂ ಬಿಟ್ಟು ಹೋಗ್ತಾರೆ.

ಆಯಿಲ್ ಸ್ಪ್ರೇ ಬಗ್ಗೆ ನಂಗೆ ಸಿಟ್ಟೇ ಇದೆ. ಸುಟ್ಟ ಎಂಜಿನ್ ಆಯಿಲ್ಲು, ಡೀಸೆಲ್ಲು ಎರಡೂ ರಬ್ಬರಿಗೆ ಶತ್ರು, ಬುಷ್ಷುಗಳು ಉಬ್ಬಿ ಮೆತ್ತಗಾಗ್ತವೆ. ಮೊದಲ ಕೆಸರಿಗೇ ಧೂಳು ಮಣ್ಣು ಅಂಟ್ಕೊಂಡು ಪೇಸ್ಟ್ ಆಗತ್ತೆ. ಮುಂದಿನ ಮಳೇಲಿ ಆ ಎಣ್ಣೆ ಇಳಿದು ಹೋಗೋದು ನಿಮ್ಮ ತೋಟಕ್ಕೇ, ಹಳ್ಳಕ್ಕೇ. ನಾಳೆಯಿಂದ ಬೇಡ ಅನ್ನಿ, ಬರೀ ನೀರಲ್ಲಿ ಚೆನ್ನಾಗಿ ತೊಳೆಸಿ ಸಾಕು.

ಪ್ಲೇಟುಗಳನ್ನ ಬಿಡಿಸಲೇಬೇಕು. ಸೆಂಟರ್ ಬೋಲ್ಟ್ ಬಿಚ್ಚೋ ಮುಂಚೆ ಅದರ ಎರಡೂ ಬದಿಗೆ ಗಟ್ಟಿ ಸಿ-ಕ್ಲ್ಯಾಂಪ್ ಹಾಕಿ, ಆಮೇಲೆ ಸ್ವಲ್ಪಸ್ವಲ್ಪ ಸಡಿಲ ಮಾಡಿ, ಒತ್ತಡದಲ್ಲಿರೋ ಪ್ಲೇಟು ಒಮ್ಮೆಲೇ ಹಾರಿದ್ರೆ ಬೆರಳು ಉಳಿಯಲ್ಲ. ಒಂದೊಂದು ಪ್ಲೇಟಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ವೈರ್ ಬ್ರಷ್ಷಲ್ಲಿ ಉಜ್ಜಿ, ಬಿರುಕು ಇದ್ಯಾ ಅಂತ ಸೆಂಟರ್ ಬೋಲ್ಟಿನ ತೂತಿನ ಸುತ್ತ ನೋಡಿ. ತುದಿಗಳು ಕೆಳಗಿನ ಪ್ಲೇಟ್ ತಿಕ್ಕಿ ಮೆಟ್ಟಿಲು ಥರ ಗೆರೆ ಬಿದ್ದಿದ್ರೆ ಫೈಲಲ್ಲಿ ತುದಿಯ ಚೂಪು ತೆಗೀರಿ. ಜೋಡಿಸುವಾಗ ನಡುವೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿ. ಸೆಂಟರ್ ಬೋಲ್ಟು, ಯು-ಬೋಲ್ಟು ಹೊಸದೇ ಹಾಕಿ, ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಟೈಟ್ ಮಾಡಿ. ಮುರಿದ ಪ್ಲೇಟ್ ಗುಜರಿಗೆ ಕೊಡ್ಬೇಡಿ, ನಿಮ್ಮೂರ ಕುಲುಮೆಗೆ ಕೊಡಿ, ಅದರಷ್ಟು ಒಳ್ಳೇ ಕತ್ತಿ ಬೇರೆ ಕಬ್ಬಿಣದಲ್ಲಿ ಆಗಲ್ಲ.

ಪ್ರಶ್ನೆ: ತುಕ್ಕು ಎಲ್ಲಾ ತೆಗೆದೆ, ರೆಡ್ ಆಕ್ಸೈಡ್ ಹೊಡೆದು ಬಿಟ್ಟೆ, ಆರು ತಿಂಗಳಿಗೆ ಮತ್ತೆ ತುಕ್ಕು. ಪೌಡರ್ ಕೋಟಿಂಗ್ ಮಾಡಿಸ್ಲೋ, ತುಕ್ಕನ್ನ ಕಪ್ಪು ಮಾಡೋ ಕೆಮಿಕಲ್ ಹಚ್ಚಲೋ? — ಹುಬ್ಬಳ್ಳಿ

ರೆಡ್ ಆಕ್ಸೈಡ್ ಪ್ರೈಮರ್ರು, ಪೇಂಟಲ್ಲ. ಅದೊಂದನ್ನೇ ಬಿಟ್ರೆ ತೇವ ಒಳಗಿಳೀತದ, ಕೆಳಗಿಂದನೇ ತುಕ್ಕು ಏಳ್ತದ. ಗೇಟಿಗೆ ಕಿಟಕಿ ಗ್ರಿಲ್ಲಿಗೆ ಹೊಡೆದು ಬಿಟ್ಟವ್ರ ಮನೇಲೂ ಹಿಂಗೇ ಆಗಿರತ್ತೆ ನೋಡಿ.

ನನ್ನ ಆಯ್ಕೆ ಹಾರ್ಡ್ನರ್ ಕಲಸೋ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಬ್ರಷ್ಷಲ್ಲೇ ಎರಡು ಕೋಟು, ಅದರ ಮೇಲೆ ಚಾಸಿ ಬ್ಲ್ಯಾಕ್, ಅಂದ್ರೆ ಗಾಡಿ ಅಡಿಭಾಗದ ಕಪ್ಪು ಪೇಂಟು. ಬ್ರಷ್ಷಿನ ಗೆರೆ ಕಾಣತ್ತೆ, ಕಾಣ್ಲಿ, ಕಾರಿನ ಅಡಿಗೆ ಮಲಗಿ ಯಾರು ನೋಡ್ತಾರೆ? ಡಬ್ಬಿ ಮೇಲೆ ಬರೆದ ಅಳತೆಗೇ ಹಾರ್ಡ್ನರ್ ಹಾಕಿ, ಅಂದಾಜಿಗೆ ಸುರಿದ್ರೆ ವಾರ ಆದ್ರೂ ಅಂಟಂಟು. ಆರ್ಮಿನ ಒಳಗಿನ ಪೊಳ್ಳಿಗೆ ಬ್ರಷ್ ಹೋಗಲ್ಲ, ಪೇಂಟ್ ಪೂರ್ತಿ ಒಣಗಿದ ಮೇಲೆ ಅಲ್ಲಿಗೆ ವ್ಯಾಕ್ಸ್ ಸ್ಪ್ರೇ ಬಿಡಿ, ನೀರಿಳಿಯೋ ತೂತು ಮಾತ್ರ ಮುಚ್ಚಬೇಡಿ.

ಪೇಂಟ್ ಹತ್ತಬಾರದ ಜಾಗ: ಬಾಲ್ ಜಾಯಿಂಟ್ ಕೂರೋ ಓರೆ ತೂತು, ಬುಷ್ ತೂತಿನ ಒಳಮೈ, ಬೋಲ್ಟಿನ ಮರೆ (ಥ್ರೆಡ್ಡು), ಬೋಲ್ಟ್ ತಲೆ ಕೂರೋ ಮುಖ. ಆ ಮುಖದ ಮೇಲೆ ದಪ್ಪ ಪೇಂಟ್ ಇದ್ರೆ ಟೈಟ್ ಮಾಡಿದಾಗ ಗಟ್ಟಿ ಅನಿಸತ್ತೆ, ಓಡಿಸ್ತಾ ಓಡಿಸ್ತಾ ಪೇಂಟ್ ಅರೆದು ಹೋಗಿ ಬೋಲ್ಟ್ ಸಡಿಲ ಆಗತ್ತೆ. ಮಾಸ್ಕಿಂಗ್ ಟೇಪ್ ಹತ್ತು ನಿಮಿಷದ ಕೆಲಸ, ಸೋಮಾರಿತನ ಬೇಡ.

ಪೌಡರ್ ಕೋಟಿಂಗ್ ಚೆನ್ನಾಗೇ ಇರತ್ತೆ, ಆದ್ರೆ ಒಲೇಲಿ 180ರಿಂದ 200 ಡಿಗ್ರಿ ಕಾಯಿಸ್ತಾರೆ, ಬುಷ್ಷು ಬಾಲ್ ಜಾಯಿಂಟು ಒಂದೂ ಇರೋ ಹಾಗಿಲ್ಲ. ಕಲ್ಲು ಬಡಿದು ಒಂದು ಕಡೆ ಚಕ್ಕೆ ಎದ್ರೆ ಅದರಡಿ ತುಕ್ಕು ಗೆದ್ದಲಿನ ಥರ ಹರಿಯತ್ತೆ, ಮೇಲಿಂದ ಗೊತ್ತೇ ಆಗಲ್ಲ. ಬ್ರಷ್ ಪೇಂಟಾದ್ರೆ ಚಕ್ಕೆ ಎದ್ದಲ್ಲಿ ಉಜ್ಜಿ ಒಂದು ತಟ್ಟು ಹಚ್ಚಿದ್ರೆ ಮುಗೀತು.

ತುಕ್ಕು ಕಪ್ಪು ಮಾಡೋ ಕನ್ವರ್ಟರಲ್ಲಿ ಇರೋದು ಟ್ಯಾನಿನ್ನು, ಇಲ್ಲಾ ಫಾಸ್ಫಾರಿಕ್ ಆಸಿಡ್ಡು. ಟ್ಯಾನಿನ್ ಅಂದ್ರೆ ಹೊಸದೇನಲ್ಲ, ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡ್ತಿದ್ರಲ್ಲ, ಅದೇ ಆಟ. ಕೈ ಹೋಗದ ಮೂಲೇಲಿ ಉಳಿದ ತೆಳು ತುಕ್ಕಿಗೆ ಅದು ಸರಿ. ಹಪ್ಪಳದ ಮೇಲೆ ಹಚ್ಚಿದ್ರೆ ಮೇಲಿನ ಪದರ ಕಪ್ಪಾಗತ್ತೆ ಅಷ್ಟೇ, ಅಡಿ ತುಕ್ಕು ತನ್ನ ಪಾಡಿಗೆ ತಿಂತಾನೇ ಇರತ್ತೆ.

ಗ್ರೈಂಡರಿಗೆ ವೈರ್ ಕಪ್ ಹಾಕಿ ಉಜ್ಜೋರು ಕನ್ನಡಕ ಹಾಕ್ಕೊಳ್ಳಿ, ಪ್ಯಾಂಟ್ ಶರ್ಟ್ ದಪ್ಪದಿರ್ಲಿ. ಆ ಕಪ್ಪಿನಿಂದ ಕಿತ್ತು ಬಂದ ತಂತಿ ಒಂದು ನನ್ನ ಪಂಚೆ ದಾಟಿ ತೊಡೆಗೆ ನೆಟ್ಟಿತ್ತು, ಪಂಚೆ ಉಟ್ಟು ಗ್ರೈಂಡರ್ ಹಿಡಿದ ನಂಗೆ ಬುದ್ಧಿ ಇರ್ಲಿಲ್ಲ ಅನ್ನಿ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರೀತಾರೆ. ಹತ್ತು ವರ್ಷದ ಕಾರಿನ ಲೋವರ್ ಆರ್ಮ್ ಬೋಲ್ಟು ಬುಷ್ಷಿನ ಒಳಗಿನ ಕೊಳವೆಗೇ ಅಂಟ್ಕೊಂಡಿದೆ, ತಿರುಗಿಸಿದ್ರೆ ರಬ್ಬರ್ ಸಮೇತ ತಿರುಗತ್ತೆ, ಹೊರಗೆ ಬರಲ್ಲ. — ಮಿಷಿಗನ್, ಅಮೆರಿಕ

ನಿಮ್ಮ ಕಡೆ ಉಪ್ಪಿನ ಮುಂದೆ ನಮ್ಮ ಕುಂದಾಪುರದ ಗಾಳಿ ಏನೂ ಅಲ್ಲ. ಸ್ಪ್ರೇ ಹೊಡೆದು ವಾರ ಕಾದ್ರೂ ಇಂಥದ್ದು ಬಿಡೋದು ಅಪರೂಪ. ಆ ಬೋಲ್ಟು, ಬುಷ್ಷು ಎರಡೂ ಹೋಯ್ತು ಅಂತ ಅಂದ್ಕೊಂಡು ಬುಷ್ ಮತ್ತು ಬ್ರಾಕೆಟ್ ನಡುವಿನ ಸಂದೀಲಿ ಎರಡೂ ಕಡೆ ರೆಸಿಪ್ರೊಕೇಟಿಂಗ್ ಗರಗಸದಲ್ಲಿ ಕೊಯ್ದುಬಿಡಿ. ಬೆಂಕಿ ಹಿಡಿಯೋಕೆ ಹೋಗ್ಬೇಡಿ, ರಬ್ಬರ್ ಹೊತ್ಕೊಳ್ಳತ್ತೆ. ಹೊಸ ಬೋಲ್ಟಿನ ನಡುಭಾಗಕ್ಕೆ ಆಂಟಿ-ಸೀಜ್ (ಬೋಲ್ಟ್ ಅಂಟ್ಕೊಳ್ಳದ ಹಾಗೆ ಹಚ್ಚೋ ಪೇಸ್ಟು) ಸವರಿ, ಮರೆಗೆ ಹಚ್ಚೋದಾದ್ರೆ ಮ್ಯಾನ್ಯುಯಲ್ ಓದಿ, ಜಾರು ಜಾಸ್ತಿಯಾಗಿ ಅದೇ ಟಾರ್ಕಿಗೆ ಬೋಲ್ಟ್ ಅಗತ್ಯಕ್ಕಿಂತ ಬಿಗಿಯಾಗತ್ತೆ. ಮುಂದಿನ ಚಳಿಗಾಲದ ಮುಂಚೆ ಕಾರಿನ ಅಡಿಭಾಗಕ್ಕೆ ಕುರಿ ಉಣ್ಣೆಯ ಲ್ಯಾನೋಲಿನ್ ಸ್ಪ್ರೇ ಹೊಡ್ಸಿ.

ಪ್ರಶ್ನೆ: ನಿಂಬೆ ಉಪ್ಪಿನ ನೀರು ಎರಡು ಬಕೆಟ್ ಉಳಿದಿದೆ, ಹಸಿರು ಬಣ್ಣ ಬಂದಿದೆ. ಕಬ್ಬಿಣದ ಅಂಶ ಒಳ್ಳೇದು ಅಂತ ತೆಂಗಿನ ಬುಡಕ್ಕೆ ಹಾಕ್ಬಹುದಾ? — ಸುರತ್ಕಲ್

ಪಾರ್ಟಲ್ಲಿ ಬರೀ ಕಬ್ಬಿಣ ಇರಲ್ಲ, ಹಳೇ ಪೇಂಟು, ಗ್ರೀಸು, ಸತುವಿನ ಲೇಪನ ಎಲ್ಲಾ ಅದರಲ್ಲಿ ಇಳಿದಿರತ್ತೆ, ತೆಂಗಿಗೂ ಬೇಡ ಬಾವಿ ಹತ್ರಾನೂ ಬೇಡ. ಮೊದಲು ಅದರಲ್ಲಿ ಇನ್ನೊಂದು ಪಾರ್ಟ್ ಅದ್ದಿ ನೋಡಿ, ಗುಳ್ಳೆ ಬಂದ್ರೆ ಇನ್ನೂ ಶಕ್ತಿ ಇದೆ, ಇನ್ನೊಂದು ಆರ್ಮ್ ಆಗತ್ತೆ. ಪೂರ್ತಿ ಸತ್ತ ಮೇಲೆ ಅಡುಗೆ ಸೋಡಾ ಸ್ವಲ್ಪಸ್ವಲ್ಪ ಹಾಕ್ತಾ ಹೋಗಿ, ನೊರೆ ಏಳೋದು ನಿಂತಾಗ ಹುಳಿ ಸತ್ತಿದೆ ಅಂತ ಅರ್ಥ. ಎರಡು ದಿನ ಬಿಟ್ಟು ಮೇಲಿನ ನೀರನ್ನ ಟಾಯ್ಲೆಟ್ಟಿಗೆ ಬಗ್ಗಿಸಿ, ತಳದ ಕೆಸರನ್ನ ಹಳೇ ಪೇಪರಲ್ಲಿ ಒಣಗಿಸಿ ಖಾಲಿ ಪೇಂಟ್ ಡಬ್ಬದ ಜೊತೆ ಕಟ್ಟಿ, ಕಸದವರು ಬಂದಾಗ ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕೊಡಿ. ಬಕೆಟ್ ಮಾತ್ರ ಬಚ್ಚಲಿಗೆ ವಾಪಸ್ ಒಯ್ಯಬೇಡಿ.